ತಾಯ್ನುಡಿಯಲ್ಲಿ ಹೇಳದ ಕಾಯಿಲೆ

ನಾನು ಹೌಸ್ ಸರ್ಜನ್ ಆಗಿದ್ದ ವರ್ಷ ನಮ್ಮ ಆಸ್ಪತ್ರೆಗೆ ನೇಪಾಳದಿಂದ ಒಬ್ಬ ವೈದ್ಯಕೀಯ ವಿದ್ಯಾರ್ಥಿನಿ ಬಂದಳು. ನೆರೆಹೊರೆಯ ದೇಶಗಳ ಕೆಲವು ಕಾಲೇಜುಗಳು ಸೇರಿ ಮಾಡಿಕೊಂಡಿದ್ದ ಏರ್ಪಾಡು ಅದು. ಅಲ್ಲಿಯವರೊಬ್ಬರು ಇಲ್ಲಿಗೆ ಬಂದು ಒಂದು ತಿಂಗಳು ವಾರ್ಡುಗಳಲ್ಲಿ ಕಲಿಯುವುದು, ಆಮೇಲೆ ಇಲ್ಲಿಯವರೊಬ್ಬರು ಅಲ್ಲಿಗೆ ಹೋಗಿ ಅಷ್ಟೇ ಕಾಲ ಇದ್ದು ಬರುವುದು. ಹಿಂದಿನ ವರ್ಷ ಶ್ರೀಲಂಕಾದ ಹುಡುಗನೊಬ್ಬ ಬಂದಿದ್ದ. ಅವನು ಇಲ್ಲಿ ಕಲಿತದ್ದಕ್ಕಿಂತ ನಮ್ಮವರಿಗೆ ಹಾವು ಕಚ್ಚಿದವರ ಆರೈಕೆ ಕಲಿಸಿದ್ದೇ ಹೆಚ್ಚು ಎಂದು ಸೀನಿಯರ್‌ಗಳು ಹೇಳುತ್ತಿದ್ದರು. ಬಂದವರ ಜೊತೆಗೆ ಸ್ಥಳೀಯರೊಬ್ಬರು ತಿಂಗಳಿಡೀ ಇರಬೇಕಿತ್ತು. ಮುಂದೆ ಆ ಕಡೆಗೆ ಹೋಗುವ ಅವಕಾಶ ಆ ಜೊತೆಗಾರರಿಗೇ ಸಿಗುತ್ತಿತ್ತು. ನನಗೆ ಹಿಮದ ಬೆಟ್ಟ ನೋಡುವ ಆಸೆಯಿತ್ತು, ಕೈಯೆತ್ತಿದೆ. ಅದಕ್ಕಿಂತ ದೊಡ್ಡ ಉದ್ದೇಶವೇನೂ ನನ್ನಲ್ಲಿರಲಿಲ್ಲ.

ಆಕೆ ಬಂದದ್ದು ಬೇಸಿಗೆಯ ಹೊಸ್ತಿಲಲ್ಲಿ. ಹೈದರಾಬಾದಿನ ಬಿಸಿಲು ಆಗಲೇ ಏರತೊಡಗಿತ್ತು. ಆಕೆಯ ಕೈಯಲ್ಲಿ ಒಂದು ಉಣ್ಣೆಯ ಸ್ವೆಟರ್ ಇತ್ತು. ಬೆಟ್ಟದ ಜಿಲ್ಲೆಯೊಂದರ ಹೈಸ್ಕೂಲಿನ ಹೆಡ್ ಮಾಸ್ತರರ ಮಗಳು, ಕೊನೆಯ ವರ್ಷದ ವಿದ್ಯಾರ್ಥಿನಿ. ಎತ್ತರದ ನಿಲುವು, ಬಿರುಸಿನ ನಡಿಗೆ. ನಾನು ಎರಡು ಮಹಡಿ ಹತ್ತುವಷ್ಟರಲ್ಲಿ ಆಕೆ ಮೂರನೆಯದರ ಮೆಟ್ಟಿಲ ಮೇಲೆ ನಿಂತು ಕಾಯುತ್ತಿದ್ದಳು. ನಮ್ಮಿಬ್ಬರ ನಡುವೆ ಇಂಗ್ಲಿಷ್ ಇತ್ತು, ಹಿಂದಿಯೂ ಇತ್ತು. ಆದರೆ ಆಕೆಯ ಹಿಂದಿ ಟೀವಿಯಿಂದ ಕಲಿತದ್ದು, ನನ್ನದು ಇಲ್ಲಿಯ ಬೀದಿಯದು. ನಾನು ಒಮ್ಮೆ ‘ನಕ್ಕೋ’ ಎಂದಾಗ ಆಕೆ ಅದರ ಅರ್ಥ ಕೇಳಿದಳು. ಬೇಡ ಎಂದು ಹೇಳಿದೆ. ಅಂದಿನಿಂದ ಹೋಗುವತನಕ ಆಟೋದವರ ಹತ್ತಿರ ಆಕೆ ಅದೊಂದೇ ಪದವನ್ನು ಬಳಸಿ ಬದುಕಿದಳು.

ನಮ್ಮ ಮನೆ ಬೇಗಂಪೇಟೆಯ ಸ್ಟೇಷನ್ನಿನ ಹಿಂದೆ. ಅಪ್ಪ ರೈಲ್ವೆಯಲ್ಲಿದ್ದರು. ಮೂಲ ರಾಯಚೂರಿನ ಕಡೆಯವರು ನಾವು; ಮನೆಯೊಳಗೆ ಕನ್ನಡ, ಬಾಗಿಲ ಹೊರಗೆ ಕಾಲಿಟ್ಟರೆ ತೆಲುಗೋ ಹಿಂದಿಯೋ. ಆಸ್ಪತ್ರೆಯಲ್ಲಿ ಇದರಿಂದ ನನಗೊಂದು ಹೆಚ್ಚಿನ ಕೆಲಸ ಅಂಟಿಕೊಂಡಿತ್ತು. ಕೊಂಡಾಪುರದ ಕಡೆ ಏಳುತ್ತಿದ್ದ ದೊಡ್ಡ ಕಟ್ಟಡಗಳಿಗೆ ರಾಯಚೂರು, ಯಾದಗಿರಿಯ ಜನ ಗುಂಪುಗುಂಪಾಗಿ ದುಡಿಯಲು ಬರುತ್ತಾರೆ. ಅವರಲ್ಲಿ ಯಾರಿಗಾದರೂ ಕಾಯಿಲೆಯಾಗಿ ನಮ್ಮಲ್ಲಿಗೆ ಬಂದರೆ ನಾನು ಯಾವ ವಾರ್ಡಿನಲ್ಲಿದ್ದರೂ ಸಿಸ್ಟರ್‌ಗಳು ಕರೆಸುತ್ತಿದ್ದರು.

ಆಕೆ ಬಂದ ಮರುದಿನವೇ ಅಂಥದೊಂದು ಕರೆ ಬಂತು. ದೇವದುರ್ಗದ ಕಡೆಯ ಒಬ್ಬ ಮುದುಕ, ಗೌಂಡಿ ಕೆಲಸದವನು. ಡ್ಯೂಟಿ ಡಾಕ್ಟರು ತೆಲುಗಿನಲ್ಲಿ ಕೇಳಿದ್ದಕ್ಕೆಲ್ಲ ಕತ್ತು ಬಗ್ಗಿಸಿ ‘ಹಾಂ ಸಾರ್, ಹಾಂ ಸಾರ್’ ಎನ್ನುತ್ತಿದ್ದ. ನಾನು ಹೋಗಿ ಮಂಚದ ಪಕ್ಕ ಕೂತೆ.

“ಯಜಮಾನ್ರ, ಏನ್ ತ್ರಾಸ ಆಗಾಕತ್ತೈತಿ ಹೇಳ್ರಿ.”

ಮುದುಕ ತಲೆ ಎತ್ತಿದ. “ನಮ್ಮ ಕಡಿಯಾಕೇನವ್ವ ನೀನು? ಏನ್ ಹೇಳ್ಲಿ ಯವ್ವಾ, ನಾಕ್ ಹೆಜ್ಜಿ ಇಟ್ರ ದಮ್ಮ ಹತ್ತತೈತಿ. ಮಕ್ಕೊಂಡ್ರ ಎದಿ ಮ್ಯಾಲ ಯಾರೋ ಕುಂತಂಗ ಆಕ್ಕೈತಿ. ಭಾಳ ವರ್ಷ ಕಲ್ಲಿನ ಕ್ವಾರಿಯಾಗ ದುಡದೀನಿ, ಆ ಧೂಳು ಒಳಗ ಕುಂತೈತೋ ಏನೋ.”

ಆ ಕೊನೆಯ ಮಾತು ಯಾರಿಗೂ ಗೊತ್ತಿರಲಿಲ್ಲ. ಅದು ಗೊತ್ತಾದ ಮೇಲೆ ಎಕ್ಸ್‌ರೇಯನ್ನು ಬೇರೆ ಕಣ್ಣಿನಿಂದ ನೋಡಿದರು, ಔಷಧಿ ಬದಲಾಯಿತು. ನೇಪಾಳದ ಹುಡುಗಿ ಇದನ್ನೆಲ್ಲ ಬದಿಯಲ್ಲಿ ನಿಂತು ನೋಡುತ್ತಿದ್ದಳು. ಹೊರಗೆ ಬಂದ ಮೇಲೆ, “ನೀವು ಆತನ ಭಾಷೆಯಲ್ಲಿ ಮಾತಾಡಿದ ಕೂಡಲೇ ಕಾಯಿಲೆ ತಾನಾಗಿ ಹೊರಗೆ ಬಂತು” ಎಂದಳು. ನಾನೂ ಹಾಗೆಯೇ ನಂಬಿದ್ದೆ. ರೋಗಿಯ ತಾಯ್ನುಡಿ ಗೊತ್ತಿದ್ದರೆ ಅರ್ಧ ರೋಗ ತಿಳಿದಂತೆ ಎಂದು ನಮ್ಮ ಯೂನಿಟ್ಟಿನ ಮುಖ್ಯಸ್ಥೆ ಪಾಠದಲ್ಲೂ ಹೇಳುತ್ತಿದ್ದರು. ಅವರನ್ನು ಎಲ್ಲರೂ ಬರೀ ಮೇಡಂ ಎನ್ನುತ್ತಿದ್ದೆವು.

ಹೈದರಾಬಾದಿನಲ್ಲಿ ನೇಪಾಳದವರು ಎಷ್ಟೊಂದು ಜನ ಇದ್ದಾರೆಂಬುದು ನನಗೆ ತಿಳಿದದ್ದು ಆ ತಿಂಗಳಲ್ಲಿ. ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ, ಹೋಟೆಲುಗಳ ಅಡುಗೆಮನೆಯಲ್ಲಿ, ಮೊಮೊ ಮಾರುವ ಗಾಡಿಯ ಹಿಂದೆ ಅವರನ್ನು ದಿನಾ ನೋಡುತ್ತಿದ್ದೆ, ಎಣಿಕೆಗೆ ತಂದಿರಲಿಲ್ಲ. ನೇಪಾಳಿ ಮಾತಾಡುವ ಡಾಕ್ಟರಮ್ಮ ಇದ್ದಾಳೆಂಬ ಸುದ್ದಿ ಅವರವರಲ್ಲಿ ಹೇಗೆ ಹಬ್ಬಿತೋ, ಎರಡನೆಯ ವಾರದಲ್ಲಿ ಹೊರರೋಗಿಗಳನ್ನು ನೋಡುವ ಓಪಿಯ ಬೆಂಚಿನ ಮೇಲೆ ಆಕೆಗಾಗಿಯೇ ಕಾಯುವವರು ಕಾಣತೊಡಗಿದರು. ಹೊಟ್ಟೆನೋವು, ಕಜ್ಜಿ, ಎಣ್ಣೆ ಸಿಡಿದು ಸುಟ್ಟ ಕೈ. ಆಕೆ ವಿವರ ಕೇಳಿ ಇಂಗ್ಲಿಷಿನಲ್ಲಿ ನಮಗೆ ಹೇಳುತ್ತಿದ್ದಳು. ಮೊದಮೊದಲು ಆಕೆಗೆ ಖುಷಿಯೇ ಇತ್ತು. ಆಮೇಲೆ ಮುಖ ಗಂಟಾಗತೊಡಗಿತು.

ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಹೇಳಿಯೇಬಿಟ್ಟಳು. “ನಾನು ಇಷ್ಟು ದೂರ ಬಂದದ್ದು ದೊಡ್ಡ ಆಸ್ಪತ್ರೆಯ ದೊಡ್ಡ ಕಾಯಿಲೆಗಳನ್ನು ನೋಡಲಿಕ್ಕೆ. ನನ್ನ ದೇಶದ ಭೇದಿಯನ್ನು ಇಲ್ಲಿ ಕೂತು ಅನುವಾದ ಮಾಡಲಿಕ್ಕಲ್ಲ.”

ನಾನು ಕಾಲೇಜು ಸೇರಿದಂದಿನಿಂದ ಅದನ್ನೇ ಮಾಡುತ್ತಿದ್ದೆ. ಆಕೆಯ ಮಾತು ತಪ್ಪೆಂದು ಅನ್ನಿಸಲಿಲ್ಲ, ಸರಿಯೆಂದೂ ಅನ್ನಿಸಲಿಲ್ಲ. ಮೇಡಂಗೆ ವಿಷಯ ಮುಟ್ಟಿಸಿದೆ. ಅವರು, “ದಿನಕ್ಕೆ ಒಂದು ಗಂಟೆ ಓಪಿ, ಉಳಿದ ಹೊತ್ತು ಅವಳು ಎಲ್ಲಿ ಬೇಕಾದರೂ ಇರಲಿ” ಎಂದು ತೀರ್ಮಾನ ಕೊಟ್ಟರು. ಆಕೆ ನರರೋಗದ ವಾರ್ಡಿಗೆ ಓಡಿಹೋದಳು.

ಅದೇ ವಾರ ಕೊಂಡಾಪುರದ ಒಂದು ಅಪಾರ್ಟ್‌ಮೆಂಟಿನ ವಾಚ್‌ಮನ್ ನಮ್ಮ ವಾರ್ಡಿಗೆ ಸೇರಿದ. ವಯಸ್ಸು ನಲವತ್ತರ ಮೇಲೆ, ಮೂಳೆ ಎದ್ದ ಮುಖ. ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತು, ತೂಕ ಇಳಿದಿತ್ತು. ಅಲ್ಲಿಯ ನಿವಾಸಿಯೊಬ್ಬರು ಕಾರಿನಲ್ಲಿ ತಂದು ಬಿಟ್ಟುಹೋಗಿದ್ದರು. ಅವರು ಆತನನ್ನು ಬಹಾದೂರ್ ಎಂದು ಕರೆಯುತ್ತಿದ್ದರು. ಅದು ಆತನ ಹೆಸರಲ್ಲವೆಂದು ಆಮೇಲೆ ತಿಳಿಯಿತು. ನೇಪಾಳದವನೆಂದ ಮೇಲೆ ಸಹಜವಾಗಿ ನಮ್ಮ ಹುಡುಗಿಯನ್ನು ಕರೆಸಿದರು.

ಆಕೆ ಮಂಚದ ಕಾಲ ಬಳಿ ನಿಂತು ಪ್ರಶ್ನೆ ಕೇಳಿದಳು. ಹೆಸರು, ಮನೆತನ, ಯಾವ ಜಿಲ್ಲೆ, ಯಾವ ಹಳ್ಳಿ. ನನಗೆ ಭಾಷೆ ಬರುತ್ತಿರಲಿಲ್ಲ, ಆದರೆ ಜಿಲ್ಲೆಯ ಹೆಸರು ಕೇಳಿ ಆಕೆ ಹುಬ್ಬೇರಿಸಿದ್ದನ್ನು ಕಂಡೆ. ಆಕೆಯ ಊರಿಗೂ ಆತನ ಊರಿಗೂ ನಡುವೆ ಒಂದೇ ಬೆಟ್ಟವಂತೆ. ಆಕೆಗೆ ಸಂತೋಷವಾಯಿತು. ಆತ ಮಾತ್ರ ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡ. ಪ್ರತಿ ಮಾತಿಗೂ ‘ಹಜೂರ್, ಹಜೂರ್’ ಎನ್ನುತ್ತಿದ್ದ. ಬಂದ ಉತ್ತರಗಳನ್ನು ಆಕೆ ನಮಗೆ ಹೇಳಿದಳು: ಕೆಮ್ಮು ಸ್ವಲ್ಪ, ಎರಡು ವಾರದಿಂದ ಜ್ವರ, ಹಿಂದೆ ಯಾವ ದೊಡ್ಡ ಕಾಯಿಲೆಯೂ ಆಗಿಲ್ಲ, ರಕ್ತ ಕಂಡಿಲ್ಲ, ಮನೆಯಲ್ಲಿ ಯಾರಿಗೂ ಏನೂ ಇಲ್ಲ.

ನಾವು ಕಫದ ಪರೀಕ್ಷೆ ಕೇಳಿದೆವು. ಆತ ಕಫ ಬರುವುದಿಲ್ಲ ಎಂದು ಖಾಲಿ ಡಬ್ಬಿಯನ್ನೇ ವಾಪಸು ಕೊಟ್ಟ. ಎಕ್ಸ್‌ರೇಯಲ್ಲಿ ಒಂದು ಕಡೆ ಮಬ್ಬು ಕಂಡಿತು. ಹಳೆಯ ಕಲೆಯೋ ಹೊಸದೋ ಹೇಳುವುದು ಕಷ್ಟವಿತ್ತು. ಮೇಡಂ ಅದನ್ನು ಬೆಳಕಿಗೆ ಹಿಡಿದು, “ಈತ ಏನನ್ನೋ ಹೇಳ್ತಾ ಇಲ್ಲ” ಎಂದರು. ಹುಡುಗಿ, “ಎಲ್ಲ ಕೇಳಿದ್ದೇನೆ ಮೇಡಂ, ನಮ್ಮ ಕಡೆಯವನೇ” ಎಂದಳು.

ಎರಡು ದಿನ ಕಳೆಯಿತು. ಮೂರನೆಯ ದಿನ ಹುಡುಗಿ ಪುಸ್ತಕ ಕೊಳ್ಳಲು ಕೋಠಿಗೆ ಹೋಗಿದ್ದಳು. ನಾನು ವಾರ್ಡಿನಲ್ಲಿ ಒಬ್ಬರಿಗೆ ಡ್ರಿಪ್ ಹಾಕಿ ಕೈ ತೊಳೆಯುತ್ತಿದ್ದಾಗ ವಾಚ್‌ಮನ್ ಎದ್ದು ಬಂದು ಸಿಂಕಿನ ಪಕ್ಕ ನಿಂತ.

“ಮೇಡಂ, ಆಪ್ ಸೇ ಏಕ್ ಬಾತ್ ಬೋಲ್ನಾ ಹೈ.”

“ಹೇಳಿ” ಎಂದೆ, ಹಿಂದಿಯಲ್ಲೇ.

“ಅವರು ಇಲ್ಲ ತಾನೆ?”

ಯಾರೆಂದು ಹೇಳುವ ಅಗತ್ಯವಿರಲಿಲ್ಲ. ಇಲ್ಲ ಎಂದೆ. ಆತ ಗೋಡೆಗೆ ಒರಗಿಕೊಂಡು ತನ್ನ ಹರಕು ಹಿಂದಿಯಲ್ಲಿ ಎಲ್ಲವನ್ನೂ ಹೇಳಿದ. ಹೈದರಾಬಾದಿಗೆ ಬರುವ ಮೊದಲು ದಿಲ್ಲಿಯಲ್ಲಿದ್ದ. ಅಲ್ಲಿ ಕ್ಷಯ ಎಂದು ಮಾತ್ರೆ ಕೊಟ್ಟಿದ್ದರು. ಎರಡು ತಿಂಗಳಲ್ಲಿ ಮೈ ಹಗುರಾಯಿತು, ಮಾತ್ರೆ ಬಿಟ್ಟ, ಈ ಕಡೆ ಕೆಲಸ ಸಿಕ್ಕಿತು, ಬಂದ. ಈಗ ಒಂದು ತಿಂಗಳಿಂದ ಕೆಮ್ಮಿದರೆ ರಕ್ತ. ಹೆಂಡತಿಗೆ ಗೊತ್ತಿಲ್ಲ. ಆಗ ಅವಳು ಊರಲ್ಲಿದ್ದಳು. ಇಲ್ಲಿಗೆ ಬಂದು ಇನ್ನೂ ಆರು ತಿಂಗಳಾಗಿಲ್ಲ.

“ಇದನ್ನು ಅವರಿಗೆ ಯಾಕೆ ಹೇಳಲಿಲ್ಲ? ನಿಮ್ಮ ಭಾಷೆಯವರೇ ಅಲ್ಲವಾ?”

“ಅದಕ್ಕೇ ಮೇಡಂ. ಅವರು ರಜೆಗೆ ಊರಿಗೆ ಹೋಗುತ್ತಾರೆ. ಒಂದು ಮಾತು ಬಾಯಿಂದ ಬಿದ್ದರೆ ಸಾಕು. ಅವರ ಜನ ಹೇಗೂ ನಮ್ಮ ಕೈಯ ನೀರು ಕುಡಿಯುವುದಿಲ್ಲ. ಇದು ಗೊತ್ತಾದರೆ ನಮ್ಮ ಜನವೂ ಕುಡಿಯುವುದಿಲ್ಲ. ಊರಲ್ಲಿ ನನ್ನ ತಮ್ಮ ಇದ್ದಾನೆ, ಅವನ ಮದುವೆಯಾಗಬೇಕು.”

ಹಿಂದಿಯಲ್ಲಿ ಆತನ ಧ್ವನಿ ಬೇರೆಯಾಗಿತ್ತು. ವ್ಯಾಕರಣ ತಪ್ಪುತ್ತಿತ್ತು, ಆದರೆ ‘ಹಜೂರ್’ ಇರಲಿಲ್ಲ. ನನ್ನ ಕಣ್ಣಿಗೆ ಕಣ್ಣಿಟ್ಟು ಮಾತಾಡುತ್ತಿದ್ದ.

ನಾನು ಇದನ್ನು ಕೇಸ್ ಶೀಟಿನಲ್ಲಿ ಬರೆಯದೆ ಇರಲಾರೆ, ಬರೆದರೆ ಆಕೆಯೂ ಓದುತ್ತಾಳೆ ಎಂದು ಹೇಳಿದೆ.

“ಅಂಗ್ರೇಜಿ ಮೇಂ ಲಿಖೋ” ಎಂದ. “ನೇಪಾಲಿ ಮೇಂ ಮತ್ ಬೋಲೋ.”

ಇಂಗ್ಲಿಷಿನಲ್ಲಿ ಬರೆದುಕೊಳ್ಳಿ, ನೇಪಾಳಿಯಲ್ಲಿ ಮಾತ್ರ ಆಡಬೇಡಿ ಎಂದು ಆತನ ಕೋರಿಕೆ. ಹಾಗೆಯೇ ಮಾಡಿದೆ. ಮೇಡಂಗೆ ಆ ಸಂಜೆಯೇ ತಿಳಿಸಿದೆ. ಆತನನ್ನು ಕಿಟಕಿಗಳಿದ್ದ ಬದಿಯ ಕೋಣೆಗೆ ಬದಲಾಯಿಸಿದರು, ಮಾಸ್ಕ್ ಕೊಟ್ಟರು. ಈ ಸಲ ಡಬ್ಬಿ ಖಾಲಿ ಬರಲಿಲ್ಲ. ಕ್ಷಯವೇ ಆಗಿತ್ತು. ಅದೃಷ್ಟಕ್ಕೆ, ಅರ್ಧಕ್ಕೆ ಬಿಟ್ಟಿದ್ದರೂ ಮಾಮೂಲಿ ಔಷಧಿಗೆ ಬಗ್ಗುವ ಕ್ಷಯ.

ಮರುದಿನ ರೌಂಡ್ಸಿನಲ್ಲಿ ಆಕೆ ಕೇಸ್ ಶೀಟ್ ಓದಿದಳು. ಕ್ಯಾಂಟೀನಿಗೆ ಬಂದು ಚಹಾದ ಮುಂದೆ ಕೂತ ಮೇಲೆ ಕೇಳಿದಳು. “ಆತ ನಿಮಗೆ ಯಾಕೆ ಹೇಳಿದ?”

ಊರಿಗೆ ಸುದ್ದಿ ಹೋಗುವ ಭಯವೆಂದು ಹೇಳಿದೆ. ನೀರಿನ ಮಾತನ್ನೂ ಹೇಳಿದೆ. ಹೇಳಬಾರದಿತ್ತೋ ಏನೋ, ಆದರೆ ಆಕೆ ಕೇಳಿದ್ದು ಕಾರಣವನ್ನು. ಆಕೆ ಚಹಾದ ಮೇಲಿನ ಕೆನೆಯನ್ನು ಚಮಚದಿಂದ ಬದಿಗೆ ಸರಿಸಿದಳು.

“ನಾನು ಮೊದಲ ದಿನ ಆತನ ಮನೆತನದ ಹೆಸರು ಕೇಳಿದೆ” ಎಂದಳು. “ಕಾಯಿಲೆಗೆ ಅದು ಬೇಕಿರಲಿಲ್ಲ. ಕಬ್ಬಿಣದ ಕೆಲಸದವರ ಹೆಸರು ಅದು, ನಮ್ಮಲ್ಲಿ ಅವರನ್ನು ಮುಟ್ಟಿಸಿಕೊಳ್ಳುವುದಿಲ್ಲ. ಕೇಳಿದ ಮೇಲೆ ನಾನು ಆತನಿಗೆ ‘ತಿಮಿ’ ಅಂದೆ.”

ನನಗೆ ಅರ್ಥವಾಗಲಿಲ್ಲ. ಆಕೆ ವಿವರಿಸಿದಳು. ನೇಪಾಳಿಯಲ್ಲಿ ಎದುರಿಗಿರುವವರನ್ನು ಕರೆಯಲು ಮೆಟ್ಟಿಲು ಮೆಟ್ಟಿಲಾಗಿ ಪದಗಳಿವೆ. ದೊಡ್ಡವರಿಗೆ, ಅಪರಿಚಿತರಿಗೆ ‘ತಪಾಯಿ’. ಗೆಳೆಯರಿಗೆ, ಕಿರಿಯರಿಗೆ, ಕೆಲಸದವರಿಗೆ ‘ತಿಮಿ’. ಅದರ ಕೆಳಗೆ ಇನ್ನೊಂದಿದೆ. “ನಮ್ಮಜ್ಜಿ ಆ ಜನರಿಗೆ ಆ ಕೆಳಗಿನದನ್ನೇ ಬಳಸುತ್ತಿದ್ದರು. ಅಪ್ಪ ಓದಿದವರು, ‘ತಿಮಿ’ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದೇ ಮರ್ಯಾದೆ. ಓಪಿಗೆ ಬಂದ ಅಡುಗೆಯವರಿಗೆಲ್ಲ ನಾನು ಏನಂದೆ ಅಂತ ಈಗ ಯೋಚಿಸುತ್ತಿದ್ದೇನೆ.”

“ನೀವು ಆತನಿಗೆ ಹಿಂದಿಯಲ್ಲಿ ಏನಂದಿರಿ?” ಎಂದು ಕೇಳಿದಳು.

“ಆಪ್” ಎಂದೆ. ಅದರಲ್ಲಿ ನನ್ನ ದೊಡ್ಡತನವೇನೂ ಇರಲಿಲ್ಲ. ಪರಭಾಷೆಯಲ್ಲಿ ಮೊದಲು ಕಲಿಯುವುದು ಮರ್ಯಾದೆಯ ರೂಪವನ್ನೇ.

ಆ ಭಾನುವಾರ ಆಕೆಯನ್ನು ಮನೆಗೆ ಕರೆದುಕೊಂಡು ಹೋದೆ. ಅವ್ವ ಜೋಳದ ರೊಟ್ಟಿ, ಪುಂಡಿಪಲ್ಯ ಮಾಡಿದ್ದಳು. ಪುಂಡಿಸೊಪ್ಪಿನ ಹುಳಿ ಹುಡುಗಿಗೆ ಹಿಡಿಸಿತು. ಅವರ ಬೆಟ್ಟದಲ್ಲಿ ಸೊಪ್ಪನ್ನು ಹುಳಿ ಬರಿಸಿ ಒಣಗಿಸಿಡುತ್ತಾರಂತೆ. ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ, ಆಕೆಗೆ ಅವ್ವನ ದಖ್ಖನಿ ಹಿಂದಿ ಅರ್ಧ ಮಾತ್ರ ತಿಳಿಯುತ್ತಿತ್ತು.

“ಔರ್ ಲೇವೋ ಬೇಟಾ, ಶರ್ಮಾವೋ ನಕ್ಕೋ” ಎನ್ನುತ್ತ, ನಾಚದೆ ಇನ್ನಷ್ಟು ಉಣ್ಣಲೆಂದು ಅವ್ವ ಬಡಿಸುತ್ತಲೇ ಇದ್ದಳು. ನನ್ನ ಕಡೆ ತಿರುಗಿ, “ರೊಟ್ಟಿ ಬಿರುಸಾಗ್ಯಾವೇನ ಕೇಳ ಅಕಿನ್ನ. ಹಲ್ಲಿಗೆ ರೂಢಿ ಇರಂಗಿಲ್ಲ ಪಾಪ” ಎಂದಳು.

ಊಟದ ನಡುವೆ ಹುಡುಗಿ ನಮ್ಮ ಭಾಷೆಯಲ್ಲಿ ಎಷ್ಟು ಮೆಟ್ಟಿಲುಗಳಿವೆ ಎಂದು ಕೇಳಿದಳು. ನಾನು ‘ನೀ’, ‘ನೀವು’ ಹೇಳಿ, ನಮ್ಮ ಕಡೆ ಮಾತಿನ ತುದಿಗೆ ‘ರಿ’ ಹಚ್ಚಿದರೆ ಸಾಕು, ಮರ್ಯಾದೆಯಾಗುತ್ತದೆ ಎಂದೆ. ಏನು ಮಾತಾಡುತ್ತಿದ್ದೇವೆಂದು ಅವ್ವ ಕೇಳಿದಳು, ಹೇಳಿದೆ.

“ನಾ ಎಲ್ಲಾರಿಗೂ ರಿ ಅಂತೀನವ್ವ” ಎಂದಳು ಅವ್ವ. “ಹಾಲಿನವ್ಗೂ ಅಂತೀನಿ, ಕಸದಾಕಿಗೂ ಅಂತೀನಿ. ಬಾಯಿಲೆ ಒಂದು ರಿ ಅಂದ್ರ ನಮ್ಮದೇನ್ ಸವದು ಹೋಗ್ತೈತಿ?”

ಇದನ್ನು ಹುಡುಗಿಗೆ ಹಿಂದಿಯಲ್ಲಿ ಹೇಳಿದೆ. ಆಕೆ ಅವ್ವನನ್ನು ಮೆಚ್ಚುಗೆಯಿಂದ ನೋಡಿದಳು. ಕಸದಾಕೆಗೆ ಚಹಾ ಕೊಡುವ ಲೋಟ ನಮ್ಮ ಮನೆಯಲ್ಲೂ ಬೇರೆಯೇ ಇತ್ತು, ಹಿತ್ತಲ ಬಾಗಿಲ ಹಿಂದೆ. ಅದನ್ನು ಅವ್ವ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಸೋಮವಾರ ಆಕೆ ಒಬ್ಬಳೇ ವಾಚ್‌ಮನ್‌ನ ಕೋಣೆಗೆ ಹೋದಳು. ಹತ್ತು ನಿಮಿಷದಲ್ಲಿ ಹೊರಬಂದು, ಎಲ್ಲ ಸರಿಯಾಯಿತೆನ್ನುವ ಮುಖದಲ್ಲಿ ಬೇರೆ ವಾರ್ಡಿಗೆ ನಡೆದಳು. ಸ್ವಲ್ಪ ಹೊತ್ತಿನ ಮೇಲೆ ನಾನು ಮಾತ್ರೆ ಕೊಡಲು ಹೋದರೆ ಆತನ ಮುಖ ಬಿಳಿಚಿಕೊಂಡಿತ್ತು.

“ಮೇಡಂ, ನಿಜ ಹೇಳಿ. ನಾನು ಉಳಿಯುವುದಿಲ್ಲವಾ?”

“ಯಾರು ಹಾಗೆ ಹೇಳಿದರು?”

“ಯಾರೂ ಹೇಳಲಿಲ್ಲ. ಆದರೆ ಅವರು ಇವತ್ತು ಬಂದು ನನಗೆ ‘ತಪಾಯಿ’ ಅಂದರು. ಅವರ ಮನೆತನದವರು ನನ್ನಂಥವನನ್ನು ಹಾಗೆ ಕರೆದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಸಾಯುವವರ ಹತ್ತಿರ ಜನ ಹಾಗೆ ಮೃದುವಾಗುತ್ತಾರೆ.”

ಆರು ತಿಂಗಳು ಮಾತ್ರೆ ತಪ್ಪಿಸದಿದ್ದರೆ ಏನೂ ಆಗುವುದಿಲ್ಲವೆಂದು ಆತನನ್ನು ನಂಬಿಸಲು ನನಗೆ ಮೇಡಂ ಅವರನ್ನೇ ಕರೆತರಬೇಕಾಯಿತು. ಹುಡುಗಿಗೆ ಇದನ್ನು ತಿಳಿಸಿದಾಗ ಆಕೆ ಮೊದಲು ಜೋರಾಗಿ ನಕ್ಕಳು. ನಗು ನಿಂತ ಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ನಗುವಿನಿಂದ ಬಂದ ನೀರೋ ಏನೋ, ನಾನು ಕೇಳಲಿಲ್ಲ.

“ಇನ್ನು ಆತನ ಹತ್ತಿರ ಹೋಗುವುದಿಲ್ಲ” ಎಂದಳು. “ಹೋದಷ್ಟೂ ಆತನಿಗೆ ತೊಂದರೆ.”

ಆದರೆ ಹೋಗಬೇಕಾಯಿತು. ಹೆಂಡತಿಯನ್ನು ಪರೀಕ್ಷಿಸದೆ ಬಿಡುವಂತಿರಲಿಲ್ಲ. ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲಿ, ಕಾರು ನಿಲ್ಲಿಸುವ ಜಾಗದ ಮೂಲೆಯ ಒಂದೇ ಕೋಣೆಯಲ್ಲಿ ಇಬ್ಬರೂ ಇದ್ದವರು, ಕಿಟಕಿಯಿರಲಿಲ್ಲ. ಆಕೆಗೂ ಕೆಮ್ಮು ಇತ್ತು. ಆಕೆಗೆ ನೇಪಾಳಿ ಬಿಟ್ಟು ಬೇರೆ ಯಾವ ಭಾಷೆಯೂ ಬರುತ್ತಿರಲಿಲ್ಲ. ನಾನು ಆತನಿಗೆ ಇದನ್ನು ಹೇಳಿ, ಬೇರೆ ದಾರಿಯಿಲ್ಲ, ಆ ಡಾಕ್ಟರನ್ನು ಕರೆಯಲೇ ಎಂದು ಕೇಳಿದೆ.

“ಅವರು ನನ್ನೆದುರು ಮಾತು ಕೊಡಲಿ” ಎಂದ.

ಹುಡುಗಿ ಬಂದಳು. ಬಾಗಿಲಲ್ಲೇ ನಿಂತು, ನೇಪಾಳಿಯಲ್ಲಲ್ಲ, ಹಿಂದಿಯಲ್ಲಿ ಹೇಳಿದಳು. “ನಿಮ್ಮ ಊರು ನನಗೆ ಗೊತ್ತಿಲ್ಲ. ನಿಮ್ಮನ್ನು ನಾನು ಇಲ್ಲಿ ನೋಡಿಲ್ಲ. ಇದು ಡಾಕ್ಟರಾಗಿ ಕೊಡುವ ಮಾತು.” ಆಕೆ ಬೇಕೆಂದೇ ಹಿಂದಿ ಆರಿಸಿಕೊಂಡಳೋ, ನಾನು ಸಾಕ್ಷಿಯಾಗಿ ಕೇಳಲೆಂದೋ ತಿಳಿಯದು. ಆತ ತಲೆಯಾಡಿಸಿದ. ಮೂವರಿಗೂ ಪರಭಾಷೆಯಾದ ಹಿಂದಿಯಲ್ಲೇ ಕುದುರಿದ ಒಪ್ಪಂದ ಅದು.

ಹೆಂಡತಿ ಬಂದದ್ದು ಮರುದಿನ ಬೆಳಿಗ್ಗೆ. ಸಣ್ಣ ಮೈಕಟ್ಟಿನ ಹೆಣ್ಣುಮಗಳು, ಮೂಗಿನಲ್ಲಿ ಚಿನ್ನದ ಬೊಟ್ಟು. ನಾಲ್ಕೈದು ಮನೆಗಳಲ್ಲಿ ಪಾತ್ರೆ ತೊಳೆದು ಬಂದಿದ್ದಳು, ಕೈಗಳು ಬೆಳ್ಳಗೆ ನೆನೆದಿದ್ದವು. ಹುಡುಗಿ ಆಕೆಯನ್ನು ಸ್ಟೂಲಿನ ಮೇಲೆ ಕೂರಿಸಿ ತಾನೂ ಇನ್ನೊಂದು ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು. ಗಂಡನ ಒಪ್ಪಿಗೆಯಂತೆ ಕಾಯಿಲೆಯ ವಿಷಯವನ್ನೂ ದಿಲ್ಲಿಯ ವಿಷಯವನ್ನೂ ಹೇಳಿದಳು. ಗಂಡ ಕುಡಿತಕ್ಕೆ ಬಿದ್ದು ಸೊರಗುತ್ತಿದ್ದಾನೆಂದು ಹೆಂಡತಿ ತಿಳಿದಿದ್ದಳಂತೆ. ಪೂರ್ತಿ ಕೇಳಿದಳು. ಆಮೇಲೆ ಎದ್ದು, ಕೋಣೆಯ ಬಾಗಿಲಿಗೆ ಹೋಗಿ, ಗಂಡನನ್ನು ಬೈಯಲು ಶುರುಮಾಡಿದಳು.

ಅಂಥ ಬೈಗುಳವನ್ನು ನಮ್ಮ ವಾರ್ಡು ಕೇಳಿರಲಿಲ್ಲ. ಭಾಷೆ ತಿಳಿಯದ ರೋಗಿಗಳೂ ಎದ್ದು ಕೂತರು. ದೇವದುರ್ಗದ ಮುದುಕ ಆಗ ಇನ್ನೂ ಅಲ್ಲೇ ಇದ್ದ, ನನ್ನನ್ನು ಕರೆದು, “ಏನಂತಾಳವ್ವ ಆಕಿ? ಗಂಡ ಇನ್ನೊಬ್ಬಾಕಿನ್ನ ಮಾಡ್ಕೊಂಡಾನೇನು?” ಎಂದು ಕೇಳಿದ. ಇಲ್ಲ ಎಂದೆ. ವಾಚ್‌ಮನ್ ಮಂಚದ ಮೇಲೆ ಮೊಣಕಾಲು ಮಡಚಿ ಕೂತು, ಮಾಸ್ಕ್ ಸರಿಪಡಿಸಿಕೊಳ್ಳುತ್ತ ಕೇಳುತ್ತಿದ್ದ.

ನಾನು ಹುಡುಗಿಗೆ, “ಏನು ಹೇಳುತ್ತಿದ್ದಾಳೆ?” ಎಂದೆ.

“ಕಾಯಿಲೆಗೆ ಸಿಟ್ಟಿಲ್ಲ. ತನಗೆ ಹೇಳದೆ ಒಬ್ಬನೇ ಹೆದರಿದ್ದಕ್ಕೆ ಸಿಟ್ಟು. ಉಳಿದದ್ದನ್ನು ಅನುವಾದ ಮಾಡಲಿಕ್ಕಾಗುವುದಿಲ್ಲ” ಎಂದಳು. ತಡೆದು, “ಮಾಡಬಾರದು ಕೂಡ” ಎಂದು ಸೇರಿಸಿದಳು.

ಹೆಂಡತಿಗೆ ಕ್ಷಯ ತಗುಲಿರಲಿಲ್ಲ. ಕೆಮ್ಮು ಪಾತ್ರೆಪುಡಿಯ ಧೂಳಿನದೋ ಸೆಲ್ಲಾರಿನ ಹೊಗೆಯದೋ ಇರಬೇಕು, ಔಷಧಿಗೆ ಕಡಿಮೆಯಾಯಿತು. ಆ ದಿನದಿಂದ ಮಾತ್ರೆಯ ಲೆಕ್ಕ ಆಕೆಯದಾಯಿತು. ಹುಡುಗಿ ಕೊನೆಯ ವಾರದಲ್ಲಿ ನರರೋಗದ ವಾರ್ಡಿಗೆ ಹೋಗುವುದನ್ನು ಕಡಿಮೆ ಮಾಡಿ ಓಪಿಯ ಬೆಂಚಿನ ಕಡೆ ಹೆಚ್ಚು ಕೂರುತ್ತಿದ್ದಳು. ಮನೆತನ ಕೇಳುವುದನ್ನು ಬಿಟ್ಟಿದ್ದಳೆಂದು ಕಾಣುತ್ತದೆ. ನನಗೆ ಖಾತ್ರಿಯಿಲ್ಲ, ನೇಪಾಳಿ ನಾನು ಕಲಿಯಲೇ ಇಲ್ಲ. ಹೊರಡುವ ದಿನ ಆಕೆ ಸ್ವೆಟರನ್ನು ಅವ್ವನಿಗೆ ಕೊಟ್ಟಳು. ಅವ್ವ ಅದನ್ನು ಒಮ್ಮೆಯೂ ಹಾಕಿಕೊಂಡಿಲ್ಲ. ಇಲ್ಲಿಯ ಚಳಿ ಅಷ್ಟಕ್ಕೆ ಸಾಲದು.

ವಾಚ್‌ಮನ್‌ನ ಕೆಲಸ ಹೋಯಿತು. ನಾವು ಯಾರೂ ಹೇಳಿರಲಿಲ್ಲ, ಆದರೂ ಆ ಅಪಾರ್ಟ್‌ಮೆಂಟಿನವರಿಗೆ ಹೇಗೋ ತಿಳಿಯಿತು. ಎರಡು ವಾರದ ಮಾತ್ರೆಯ ಮೇಲೆ ಹರಡುವ ಭಯ ಬಹುಮಟ್ಟಿಗೆ ತಗ್ಗುತ್ತದೆ ಎಂದು ಮೇಡಂ ಅಲ್ಲಿಯವರಿಗೆ ಫೋನಿನಲ್ಲಿ ವಿವರಿಸಿದರು. ಅವರು ಮರ್ಯಾದೆಯಿಂದ ಕೇಳಿದರು, ಬೇರೆಯವರನ್ನು ನೇಮಿಸಿಕೊಂಡಾಗಿದೆ ಎಂದರು. ಗಂಡ ಹೆಂಡತಿ ಕೆಲವು ತಿಂಗಳು ಪರಿಚಯದವರೊಬ್ಬರ ಕೋಣೆಯಲ್ಲಿದ್ದರು. ಮಾತ್ರೆ ಮಾತ್ರ ತಪ್ಪಲಿಲ್ಲ. ಕೊನೆಯ ಪರೀಕ್ಷೆ ಶುದ್ಧವಾಗಿ ಬಂದಾಗ ನಾನು ಬೇರೆ ವಿಭಾಗದಲ್ಲಿದ್ದೆ, ಸಿಸ್ಟರ್ ಹೇಳಿ ಗೊತ್ತಾಯಿತು.

ಮುಂದಿನ ವರ್ಷ ನನ್ನ ಸರದಿ ಬಂತು, ಆಕೆಯ ಕಾಲೇಜಿಗೆ ಹೋದೆ. ಹಿಮದ ಬೆಟ್ಟ ನೋಡಿದೆ; ಮೋಡವಿಲ್ಲದ ಬೆಳಿಗ್ಗೆಗಳಲ್ಲಿ ಆಸ್ಪತ್ರೆಯ ತಾರಸಿಯಿಂದಲೇ ಕಾಣುತ್ತಿತ್ತು. ಅಲ್ಲಿ ನನ್ನ ಯಾವ ಭಾಷೆಗೂ ಗಿರಾಕಿಗಳಿರಲಿಲ್ಲ. ಹಾಗಾಗಿ ಮಾತು ಬೇಡದ ಕೆಲಸ ಕೊಟ್ಟರು: ಹೊಲಿಗೆ ಹಾಕುವುದು, ಮುರಿದ ಕೈಕಾಲಿಗೆ ಪ್ಲಾಸ್ಟರ್ ಕಟ್ಟುವುದು. ಬೆಟ್ಟದಿಂದ, ಮರದಿಂದ ಬಿದ್ದವರು ದಿನಾ ಬರುತ್ತಿದ್ದರು. ಒಂದು ತಿಂಗಳಲ್ಲಿ ನಾನು ಒಳ್ಳೆಯ ಪ್ಲಾಸ್ಟರ್ ಕಟ್ಟುವುದನ್ನು ಕಲಿತೆ. ಇವತ್ತಿಗೂ ನನ್ನ ವೃತ್ತಿಯಲ್ಲಿ ನಾನು ಹೆಮ್ಮೆಯಿಂದ ಮಾಡುವ ಕೆಲಸ ಅದೊಂದೇ. ಹುಡುಗಿ ಒಂದು ಭಾನುವಾರ ಬಸ್ಸಿನಲ್ಲಿ ತನ್ನ ಊರಿಗೆ ಕರೆದೊಯ್ದಳು. ದಾರಿಯಲ್ಲಿ ಎದುರಿನ ಬೆಟ್ಟವನ್ನು ತೋರಿಸಿ ಏನೋ ಹೇಳಹೊರಟು ಸುಮ್ಮನಾದಳು. ನಾನೂ ಕೇಳಲಿಲ್ಲ. ಮಾತು ಕೊಟ್ಟಾಗಿತ್ತು.

ಆಮೇಲೆ ಆ ವಿನಿಮಯದ ಏರ್ಪಾಡು ನಿಂತುಹೋಯಿತು. ಕಾರಣ ಯಾರೂ ಸರಿಯಾಗಿ ಹೇಳಲಿಲ್ಲ. ಆಕೆ ಈಗ ಒಂದು ಜಿಲ್ಲಾ ಆಸ್ಪತ್ರೆಯಲ್ಲಿದ್ದಾಳೆ. ನರರೋಗ ಓದಲಿಲ್ಲ, ಜನರಲ್ ಮೆಡಿಸಿನ್ ಓದಿದಳು.

ಹೋದ ವರ್ಷ ಬೇಗಂಪೇಟೆಯಲ್ಲಿ, ಸ್ಟೇಷನ್ ರಸ್ತೆಯ ಒಂದು ಆಫೀಸು ಕಟ್ಟಡದ ಮುಂದೆ ನಡೆದು ಹೋಗುತ್ತಿದ್ದಾಗ ಯಾರೋ ‘ಮೇಡಂ’ ಎಂದು ಕರೆದರು. ನೀಲಿ ಸಮವಸ್ತ್ರದಲ್ಲಿ ಅದೇ ವಾಚ್‌ಮನ್. ಮುಖ ತುಂಬಿಕೊಂಡಿತ್ತು. ಕಟ್ಟಡದ ಹಿಂದೆಯೇ ಕೋಣೆ ಕೊಟ್ಟಿದ್ದಾರೆ, ಕಿಟಕಿ ಇದೆ ಎಂದ. ತಮ್ಮನ ಮದುವೆಯಾಗಿತ್ತು. ಆಮೇಲೆ, “ಆ ಡಾಕ್ಟರ್ ಹೇಗಿದ್ದಾರೆ?” ಎಂದು ಕೇಳಿದ.

“ಚೆನ್ನಾಗಿದ್ದಾರೆ. ಫೋನ್ ಮಾಡಲಾ, ಮಾತಾಡುತ್ತೀರಾ?”

ಆತ ಬೇಡ ಎಂಬಂತೆ ಕೈಯಾಡಿಸಿದ. “ಗಟ್ಟಿಯಾಗಿದ್ದಾನೆ ಅಂತ ಹೇಳಿ, ಸಾಕು.”

ಅಷ್ಟರಲ್ಲಿ ಹಿಂದಿನಿಂದ ಹೆಂಡತಿ ಬಂದಳು. ಈಗ ಆಕೆಗೆ ತೆಲುಗು ಬರುತ್ತಿತ್ತು, ನನಗಿಂತ ವೇಗವಾಗಿಯೇ. ನಾವು ಯಾರ ಬಗ್ಗೆ ಮಾತಾಡುತ್ತಿದ್ದೇವೆಂದು ತಿಳಿದು, ಗಂಡನನ್ನು ಒಮ್ಮೆ ದುರುಗುಟ್ಟಿ ನೋಡಿ, ನನ್ನ ಕಡೆ ಕೈ ಚಾಚಿದಳು. ಫೋನ್ ಹಚ್ಚಿ ಕೊಟ್ಟೆ. ಆಕೆ ಮೆಟ್ಟಿಲ ಮೇಲೆ ಕೂತು ಮಾತಾಡತೊಡಗಿದಳು. ಎಷ್ಟು ಹೊತ್ತಾದರೂ ಮುಗಿಯಲಿಲ್ಲ. ನಡುನಡುವೆ ನಗುತ್ತಿದ್ದಳು, ಒಮ್ಮೆ ಸೆರಗಿನಿಂದ ಮೂಗೊರೆಸಿಕೊಂಡಳು. ನನಗೆ ಆಸ್ಪತ್ರೆಗೆ ಹೊತ್ತಾಗುತ್ತಿತ್ತು, ಆದರೂ ನಿಂತೆ. ಆತ ಸ್ವಲ್ಪ ದೂರದಲ್ಲಿ, ಮಾತು ಕೇಳಿಸುವಷ್ಟು ಹತ್ತಿರದಲ್ಲಿ ನಿಂತಿದ್ದ. ಒಂದು ಕಾರು ಬಂದು ಹಾರ್ನ್ ಹಾಕಿತು. ಆತ ಗೇಟು ತೆಗೆಯಲು ಹೋದ.